ಚಂದ್ರಿಕೆಯ ಮೇಲೆ ಚೀನಾ ಹಂದಿ

ಭಾವ ತಟ್ಟೆ ಹಿಡಿದು ಕಾಯುತ್ತಿದ್ದಾಗಲೇ ನನ್ನ ಚೀನಾ ಅಡುಗೆ ಧಗ್ಗನೆ ಹೊತ್ತಿಕೊಂಡಿತು. ಜೇನುತುಪ್ಪ, ಸೋಯಾ ಸಾಸ್ ಸವರಿದ ಹಂದಿ ಮಾಂಸವನ್ನು ಮೊಬೈಲ್ ವಿಡಿಯೊದವನು ಕಬ್ಬಿಣದ ಜಾಲರಿಯ ಮೇಲಿಟ್ಟು ಸುಟ್ಟಿದ್ದ. ಶಿಡ್ಲಘಟ್ಟದ ನಮ್ಮ ಮನೆಯಲ್ಲಿ ಜಾಲರಿ ಎಲ್ಲಿಯದು? ರೇಷ್ಮೆಹುಳು ಗೂಡು ಕಟ್ಟಲೆಂದು ಬಿದಿರಿನಲ್ಲಿ ಹೆಣೆದ ಹಳೇ ಚಂದ್ರಿಕೆಯನ್ನೇ ಹಿತ್ತಲಿನ ಕೆಂಡದ ಮೇಲಿಟ್ಟಿದ್ದೆ. ಬಿದಿರು ಉರಿಯುತ್ತದೆಂದು ಹೊಳೆಯಲೇ ಇಲ್ಲ. ನಾನು ವಿಜ್ಞಾನದ ಮೇಷ್ಟ್ರು!

ಮಾಂಸವೆಲ್ಲ ಬೂದಿಯೊಳಗೆ ಬಿತ್ತು. ಹಂದಿಯನ್ನು ಅಡುಗೆಮನೆಗೇ ಸೇರಿಸದ ಅಮ್ಮ ಓಡಿಬಂದು ಬಿಂದಿಗೆ ನೀರು ಸುರಿದು, "ಚೀನಾದೋರು ಚಂದ್ರಿಕೇನೂ ಸುಟ್ಕೊಂಡು ತಿಂತಾರೇನಪ್ಪಾ?" ಎಂದಳು. ಆಮೇಲೆ ತಾನೇ ಮಾಂಸ ತೊಳೆದು, ಖಾರ ಅರೆದು ಹಾಕಿ, ಹಿತ್ತಲಲ್ಲೇ ಸಾರು ಮಾಡಿದಳು. ಭಾವ ಎರಡು ಮುದ್ದೆ ಮುಗಿಸಿದರು.

ಈಗ ದಹನದ ಪಾಠದಲ್ಲಿ ಬೇಗ ಹೊತ್ತಿಕೊಳ್ಳುವ ವಸ್ತುಗಳಿಗೆ ಚಂದ್ರಿಕೆಯೇ ನನ್ನ ಮೊದಲ ಉದಾಹರಣೆ. "ನಿಮಗೆ ಹೆಂಗೆ ಗೊತ್ತು ಸಾರ್?" ಎಂದು ಮಕ್ಕಳು ಕೇಳಿದರೆ ಮುಂದಿನ ಪಾಠಕ್ಕೆ ಹೋಗುತ್ತೇನೆ.