ಕಟ್ಟೆಯಿಂದ ಹತ್ತುವ ಸವಾರ

ನಮ್ಮ ಎದುರು ಮನೆಯ ನಿವೃತ್ತ ಲೈನ್‌ಮನ್ ಒಂದು ಕಾಲಕ್ಕೆ ಭಾಗ್ಯನಗರದ ಕಂಬಗಳನ್ನೆಲ್ಲ ಹತ್ತಿ ಇಳಿದವರು. ವಯಸ್ಸಾದ ಮೇಲೆ ತಮ್ಮ ಬೈಕ್ ಹತ್ತಲಿಕ್ಕೇ ಅವರಿಗೆ ಮನೆ ಮುಂದಿನ ಕಟ್ಟೆ ಬೇಕಾಯಿತು. ಕಟ್ಟೆಯ ಮೇಲೆ ನಿಂತು, ಧೋತರ ಎತ್ತಿ ಕಟ್ಟಿ, ಕಾಲನ್ನು ಸೀಟಿನಾಚೆ ದಾಟಿಸಿಬಿಟ್ಟರೆ ಆಮೇಲೆ ಗಂಗಾವತಿಯವರೆಗೂ ಅವರೇ ರಾಜ. ಆದರೆ ಕಟ್ಟೆಯಿಲ್ಲದ ಕಡೆ ಇಳಿಯುತ್ತಿರಲಿಲ್ಲ. ಇಳಿದರೆ ಮತ್ತೆ ಹತ್ತುವುದು ಹೇಗೆ? ಯಾರು ಕರೆದರೂ, "ಅವಸರ ಐತ್ರಿ, ಇಳಿಯಂಗಿಲ್ಲ" ಎನ್ನುತ್ತಿದ್ದರು. ಮರಳಿ ಎಂಬ ಊರಿನಲ್ಲಿ ಬೀಗರ ಮನೆಯ ಮದುವೆಯೂಟವನ್ನೂ ಪೆಟ್ರೋಲ್ ಟ್ಯಾಂಕಿನ ಮೇಲೆ ತಾಟಿಟ್ಟುಕೊಂಡು, ಮತ್ತೆ ಮತ್ತೆ ಹೋಳಿಗೆ ಹಾಕಿಸಿಕೊಂಡು ಉಂಡಿದ್ದರು.

ಒಂದು ಬೇಸಿಗೆಯಲ್ಲಿ ಚರಂಡಿ ಕೆಲಸಕ್ಕೆಂದು ಅವರ ಕಟ್ಟೆ ಒಡೆದರು.

"ಭಾಳ ಛಲೋ ಆತು. ಇನ್ನ ಇವರು ಗಾಡಿ ಹತ್ತಿ ಬೀಳೂದು ತಪ್ತು" ಎಂದು ಅವರ ಹೆಂಡತಿ ಓಣಿಗೆಲ್ಲ ಹೇಳಿದರು.

ಮರುದಿನ ಬೆಳಿಗ್ಗೆ ಲೈನ್‌ಮನ್ ಕಾಕಾ ಬೈಕ್ ತಳ್ಳಿಕೊಂಡು ನಮ್ಮ ಬಾಗಿಲಿಗೆ ಬಂದರು. ನಮ್ಮ ಕಟ್ಟೆಯ ಎತ್ತರವನ್ನು ಕಣ್ಣಲ್ಲೇ ಅಳೆದು, ಅದನ್ನೇರಿ, ಕಾಲು ದಾಟಿಸಿ ಕೂತರು.

"ಒಳಗ ಬರ್ರಿ ಕಾಕಾ, ಚಾ ಕುಡಿಯೂಣು" ಎಂದೆ.

"ಅವಸರ ಐತಿ ತಮ್ಮಾ, ಇಳಿಯಂಗಿಲ್ಲ."

ಚಾ ಅಲ್ಲಿಗೇ ಬಂತು. ಬಿಸಿಲು ನೆತ್ತಿಗೇರುವವರೆಗೂ ಅವರು ನಮ್ಮ ಬಾಗಿಲಲ್ಲೇ ಅವಸರದಲ್ಲಿದ್ದರು.