ಕವಾಯಿ ಅಂದವನು

ಕೌಲ್ ಬಜಾರಿನ ನಮ್ಮ ಓಣಿಯಲ್ಲಿ ಕೂಸನ್ನು ಚೆಂದವೆಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ದೃಷ್ಟಿ ತಾಗುತ್ತದೆಂಬ ಹೆದರಿಕೆ. ಕುಲಾವಿ ಹೊಲಿಯುತ್ತಿದ್ದ ದರ್ಜಿ ಮಾತ್ರ ಪ್ರತಿ ಕೂಸಿನ ತಲೆಗೂ ಅದನ್ನು ತೊಡಿಸಿ, ಕಿವಿ ಮುಚ್ಚಿತೇ ಎಂದು ನೋಡಿ, "ಕವಾಯಿ" ಎನ್ನುತ್ತಿದ್ದ. ಯುದ್ಧದಲ್ಲಿ ಜಪಾನಿಯರ ಸೆರೆಯಲ್ಲಿದ್ದು ಬಂದವನು. ಆ ಜಪಾನಿ ಮಾತು ನಮ್ಮೂರ ಕೆಟ್ಟ ಕಣ್ಣಿಗೆ ತಿಳಿಯದೆಂದು ತಾಯಂದಿರು ಸುಮ್ಮನಿದ್ದರು.

ನನ್ನ ಬಾಯಿ ಸುಮ್ಮನಿರದು. ಒಮ್ಮೆ ನಾನು ಉಟ್ಟಿದ್ದ ಹೊಸ ಇಳಕಲ್ ಸೀರೆ ತೋರಿಸಿ, "ಇದೂ ಕವಾಯಿ ಏನ್ರಿ ಅಣ್ಣಾ?" ಎಂದೆ.

"ಅಲ್ಲ ತಂಗಿ, ಅದು ಬರೇ ಚಂದ. ಸಣ್ಣದಿರಬೇಕು, ನೋಡಿದ್ರ ಎದಿಗೆ ಅವಚಿಕೋಬೇಕು ಅನಿಸಬೇಕು. ಅದಕ್ಕ ಕವಾಯಿ ಅಂತಾರ."

"ಯಾರು ಕಲಿಸಿದ್ರು?"

ಅವನು ಸೊಟ್ಟಗಾದ ಎರಡು ಬೆರಳು ಎತ್ತಿದ. "ಇವನ್ನ ಮುರಿದ ಕಾವಲಿನವ. ನನ್ನ ಕಿಸೆದಾಗಿನ ಮಗಳ ಫೋಟೋ ಕಸಗೊಂಡು, ನೋಡಿ ನೋಡಿ ಹಂಗಂದ. ತಿರುಗಿ ಕೊಡಲೇ ಇಲ್ಲ."

ಅವನು ಊರಿಗೆ ಬರುವಷ್ಟರಲ್ಲಿ ಮಗಳು ಸಿಡುಬಿನಿಂದ ಸತ್ತಿದ್ದಳು. ಮನೆಯಲ್ಲಿ ಬೇರೆ ಫೋಟೋ ಇರಲಿಲ್ಲ. ನಾನು ಆ ಕಾವಲಿನವನಿಗೆ ಹಿಡಿಶಾಪ ಹಾಕಿದೆ.

ದರ್ಜಿ ಸೂಜಿ ನಿಲ್ಲಿಸಿದ.

"ಬೈಬ್ಯಾಡ ತಂಗಿ, ಅವ ಬದುಕಿರಬೇಕು. ನನಗ ಆಕಿ ಮುಖ ಮಸುಕಾಗಾಕ ಹತ್ತೈತಿ. ಅವನಾದ್ರೂ ನೋಡ್ತಿರ್ಲಿ."