ತಿಪ್ಪೇರುದ್ರಮ್ಮ, ಲೇತ್ ಮಿಷನ್ನು ಮತ್ತ ಒಂದು ಗೇಣು ಬಾಳೆನಾರು

ಅದಕ್ಕ ಹೇಳೋದು, ತಿಪ್ಪೇರುದ್ರಮ್ಮ ಹಂಗ ಸುಮ್ನ ಯಾರನ್ನೂ ನಂಬೋ ಪೈಕಿ ಅಲ್ಲ ಅಂತ. ಹೂವು ಕಟ್ಟೋ ಹೆಣ್ಮಗಳಿಗೂ ಕಬ್ಬಿಣ ಕೊರಿಯೋ ಲೇತ್ ಮಿಷನ್ನಿಗೂ ಎಲ್ಲಿಂದೆಲ್ಲಿ ಸಂಬಂಧ ಅಂತ ಕೇಳಿದ್ರಲ್ಲ, ಸಂಬಂಧ ಹಚ್ಚಿದ್ದು ಆಕಿ ಅನುಮಾನನ. ಹೂವು ತೂಗೋನು ತಕ್ಕಡಿ ಎತ್ತಿದ್ರ ಆಕಿ ಕಣ್ಣು ಅವನ ಕಿರುಬೆಳ್ಳಿನ ಮ್ಯಾಲ. ಕಂಡಕ್ಟರ್ ಟಿಕೇಟು ಹರದ್ರ ಅದನ್ನ ಬೆಳಕಿಗೆ ಹಿಡದು ನೋಡಾಕಿ. ಅಂಥಾಕಿ ಎಪ್ಪತ್ತೆಂಟನೇ ಇಸ್ವಿ ಬ್ಯಾಸಿಗ್ಯಾಗ ಒಂದು ಶಾಫ್ಟನ್ನ ಹಸುಗೂಸಿನಂಗ ಸೀರಿ ತುಂಡಿನ್ಯಾಗ ಸುತ್ತಿ, ತೊಡಿ ಮ್ಯಾಲ ಇಟ್ಕಂಡು, ಹಡಗಲಿಯಿಂದ ಹಗರಿಬೊಮ್ಮನಹಳ್ಳಿ ಬಸ್ ಹತ್ತಿದ್ಲು.

ಏನಾಗಿತ್ತಂದ್ರ, ಆಕಿ ಮಲ್ಲಿಗಿ ತ್ವಾಟಕ್ಕ ನೀರೆತ್ತೋ ಪಂಪು ಗಡಗಡ ನಡುಗಾಕ ಹತ್ತಿತ್ತು. ಬಿಚ್ಚಿ ನೋಡಿದ್ರ ಒಳಗ ತಿರುಗೋ ಶಾಫ್ಟು, ಅಂದ್ರ ಆ ಉದ್ದನ ಉಕ್ಕಿನ ಕೋಲು, ಒಂದು ಕಡೀಗೆ ಗೇಣುದ್ದ ಸವದು ತಗ್ಗು ಬಿದ್ದಿತ್ತು. ಅದನ್ನ ಸುತ್ತ ಹಿಡಿಯೋ ಬುಶ್ಶು, ಬಳಿ ಇದ್ದಂಗ ಇರತೈತಿ ನೋಡ್ರಿ, ಅದೂ ಹೋಗಿತ್ತು. ಮಲ್ಲಿಗಿ ಮೊಗ್ಗು ಬಿಡೋ ಹೊತ್ತು. ಇನ್ನ ಮೂರು ದಿನ ನೀರು ಬೀಳಲಿಲ್ಲಂದ್ರ ಮೊಗ್ಗಿ ಕಡ್ಡಿಯಾಗಿ ಉದುರತೈತಿ, ಆ ವರ್ಷ ಮುಗೀತು.

ಹಡಗಲ್ಯಾಗ ಲೇತ್ ಇರಲಿಲ್ಲೇನು? ಇತ್ತು. ಆದ್ರ ಅದನ್ನ ನಡಸೋನು ಪಕ್ಕದ ತ್ವಾಟದ ಎರ್ರೆಪ್ಪನ ಹೆಂಡ್ತಿ ತಮ್ಮ. ಎರ್ರೆಪ್ಪಂದೂ ಮಲ್ಲಿಗಿ ತ್ವಾಟ. "ನನ್ನ ಹೂವು ಒಣಗಿದ್ರ ಯಾರ ಹೂವಿಗೆ ರೇಟು ಬರತೈತಿ ಹೇಳ್ರಿ ನೋಡಾನ" ಅಂತ ಆಕಿ ಲೆಕ್ಕ. ಅದಕ್ಕ ಬಸ್ ಹತ್ತಿದ್ದು.

ಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡ್ ಹಿಂದ ಮಕ್ತುಂ ಸಾಬ್ರದು ತಗಡಿನ ಶೆಡ್ಡು. ಐವತ್ತರ ಮನಿಶಾ, ಮಾತು ಕಮ್ಮಿ, ಕಿವಿ ಮ್ಯಾಲ ಯಾವಾಗ್ಲೂ ಒಂದು ಸೀಮೆಸುಣ್ಣದ ತುಂಡು. ಶಾಫ್ಟು ಇಸ್ಕಂಡು, ಬೆಳ್ಳಿಲೆ ಸವರಿ, "ಬಿಟ್ಟು ಹೋಗ್ರಿ ಯಮ್ಮಾ, ಸಂಜಿಗೆ ಬರ್ರಿ" ಅಂದ್ರು.

"ಬಿಟ್ಟು ಯಾಕ ಹೋಗ್ಲಿ? ಕುಂತೀನಿ."

"ಹೊತ್ತು ಹಿಡಿತೈತ್ರಿ."

"ಹಿಡೀಲಿ. ನನಗೇನು ಕುಂತ್ರ ಬ್ಯಾನಿ ಬರಲ್ಲ."

ಬಾಗಲದಾಗಿದ್ದ ಎಣ್ಣಿ ಡಬ್ಬಿ ಬೋರಲು ಹಾಕಿ ಕುಂತ್ಲು. ಬರೋಕ ಮುಂಚೆನ ಆಕಿ ಮೂರು ಕೆಲಸ ಮಾಡಿದ್ಲು, ಅದನ್ನ ಸಾಬ್ರಿಗೆ ಹೇಳಿರಲಿಲ್ಲ. ಶಾಫ್ಟು ಬದಲಿ ಮಾಡ್ತಾರ ಅಂತ ಸವದ ಜಾಗದಾಗ ಕುಡಗೋಲಿಲೆ ಒಂದು ಗೀರು ಎಳದಿದ್ಲು. ಆ ಗೀರು ಯಾರಾದ್ರೂ ನೋಡ್ಯಾರು ಅಂತ, ತುದ್ಯಾಗ ಪುಲ್ಲಿ, ಅಂದ್ರ ಬೆಲ್ಟು ಸುತ್ತೋ ಗಾಲಿ, ಕೂಡೋ ಸೀಳು ಇರತೈತಲ್ಲ, ಅದರ ಒಳಗ ಇನ್ನೊಂದು ಗೀರು, ಇದು ಗುಟ್ಟಿನದು. ಅದೂ ಸಾಲದಂತ ಹೂವು ಕಟ್ಟೋ ಬಾಳೆನಾರು ತಗಂಡು, ಸವದ ಜಾಗದ ಸುತ್ತ ಬಿಗದು, ತುದಿ ಬಂದು ಮುಟ್ಟಿದಲ್ಲಿ ಅಳತಿಗೆ ಒಂದು ಗಂಟು ಹಾಕಿ, ಬಿಚ್ಚಿ ಉಡ್ಯಾಗ ಇಟ್ಕಂಡಿದ್ಲು. ಆಕಿ ಕುಪ್ಪಸದ ಅಳತಿನೂ ನಾರಿಲೇನ, ಕೂಸಿನ ತಲಿ ಅಳತಿನೂ ನಾರಿಲೇನ. ಟೇಪನ್ನ ಅಂಗಡ್ಯಾಗ ಮಾಡ್ತಾರ, ಅದನ್ನ ಹೆಂಗ ನಂಬೋದು?

ಸಾಬ್ರು ಶಾಫ್ಟಿನ ಒಂದು ತುದಿ ಒಯ್ದು ಮಿಷನ್ನಿನ ದುಂಡನ ಬಾಯಾಗ ಇಟ್ರು. ಅದಕ್ಕ ಮೂರು ಹಲ್ಲು. ಕೀಲಿ ತಿರುವಿದ್ರ ಮೂರೂ ಕೂಡೇ ಬಂದು ಕಚ್ಚಿ ಹಿಡಿತಾವ.

"ಅದ್ಯಾಕ ಕಚ್ಚತೈತಿ? ಗಾಯ ಆಗಲ್ಲೇನು ಅದಕ್ಕ?"

"ಇದಕ್ಕ ಚಕ್ ಅಂತಾರ್ರಿ. ಬಿಗಿ ಹಿಡೀಲಿಲ್ಲಂದ್ರ ತಿರುಗೋವಾಗ ಹಾರಿ ನಿಮ್ಮ ಹಣಿಗೆ ಬರತೈತಿ."

ಡಬ್ಬಿ ಒಂದು ಮಾರು ಹಿಂದಕ್ಕ ಸರೀತು. ಇನ್ನೊಂದು ತುದೀಗೆ ಸಾಬ್ರು ಒಂದು ಚೂಪನ ಮೊಳಿ ಆನಿಸಿದ್ರು, ತಿರುಗೋವಾಗ ಕೋಲು ತೂಗಾಡಬಾರದಂತ. ಸ್ವಿಚ್ ಹಾಕಿದ್ರು. ಬೆಲ್ಟು ಪಟಪಟ ಬಡೀತು, ಶಾಫ್ಟು ತಿರುಗಿತು.

"ಕುಂಬಾರನ ತಿಗರಿ ನೋಡೀರೇನ್ರಿ?" ಅಂದ್ರು ಸಾಬ್ರು. "ಮಣ್ಣು ತಿರುಗತೈತಿ, ಕುಂಬಾರನ ಕೈ ಒಂದ ಕಡೆ ನಿಂತಿರತೈತಿ. ಇದೂ ಹಂಗ. ಕಬ್ಬಿಣ ತಿರುಗತೈತಿ, ಈ ಟೂಲು ನಿಂತಿರತೈತಿ. ಟೂಲು ಅಂದ್ರ ಕಬ್ಬಿಣಕ್ಕಿಂತ ಗಟ್ಟಿ ಉಳಿ. ಮುಟ್ಟಿದಲ್ಲೆಲ್ಲ ದುಂಡಗ ಹೆರಕೋತ ಹೋಗತೈತಿ. ದುಂಡನ ಸಾಮಾನು ಏನಿದ್ರೂ ಇದರ ಮ್ಯಾಲನ ಹುಟ್ಟಬೇಕು. ಶಾಫ್ಟು, ಬುಶ್ಶು, ಪುಲ್ಲಿ, ಬೋಲ್ಟು, ಬಂಡಿ ಅಚ್ಚು."

"ಕುಂಬಾರ ಮಣ್ಣು ಹಚ್ಚತಾನ. ನೀವು ತಗೀತೀರಿ."

"ಹೌದ್ರಿ. ನಮ್ದು ಬರೇ ತಗಿಯೋ ವಿದ್ಯಾ."

"ಮತ್ತ ತಗದದ್ದು ಯಾರ ಪಾಲು?"

ಮಕ್ತುಂ ಸಾಬ್ರು ಹತ್ತು ವರ್ಷದಾಗ ಈ ಮಾತು ಕೇಳಿದ್ದಿಲ್ಲ. ಅಕ್ಕಸಾಲಿಗನ್ನ ಕೇಳೋ ಮಾತದು. ಆದ್ರ ಆಕಿ ಅಷ್ಟರಾಗ ಎದ್ದು ಬಂದು, ಹೂವಿನ ಬುಟ್ಟಿ ಅರಿಬಿ ಮಿಷನ್ ಕೆಳಗ ಹಾಸಿಬಿಟ್ಟಿದ್ಲು. ಸಾಬ್ರು ಮಿಷನ್ ನಿಂದ್ರಿಸಿದ್ರು. "ಯಮ್ಮಾ, ಹಾಸ್ರಿ, ಬ್ಯಾಡನ್ನಲ್ಲ. ಆದ್ರ ತಿರುಗೋವಾಗ ಹತ್ರ ಬರಬ್ಯಾಡ್ರಿ. ಸೆರಗು ಸಿಗತೈತಿ, ಜಡಿ ಸಿಗತೈತಿ. ಇದಕ್ಕ ಹೆಣ್ಣು ಗಂಡು ಗೊತ್ತಾಗಲ್ಲ, ಎಳಕಂತೈತಿ."

ಆ ಮಾತು ಆಕಿಗೆ ಮನಸಿಗೆ ಬಂತು. ಹೆದರಿಸೋಕಂತ ಅಂದಿದ್ದಲ್ಲ ಅಂತ ದನಿಯಾಗ ತಿಳೀತು. ಸೆರಗು ಸೊಂಟಕ್ಕ ಸಿಗಿಸಿ, ಡಬ್ಬಿ ಮ್ಯಾಲ ಕುಂತ್ಲು. ಉಕ್ಕಿನ ಹೆರಕಲು ನೀಲಿ ಬಣ್ಣ ಆಗಿ, ಗುಂಗುರು ಕೂದಲಿನಂಗ ಸುರುಳಿ ಸುರುಳಿ ಅರಿಬಿ ಮ್ಯಾಲ ಬಿದ್ದವು. ಮುಟ್ಟಾಕ ಹೋಗಿ ಬೆಳ್ಳು ಸುಟ್ಕಂಡ್ಲು.

ಹನ್ನೊಂದಕ್ಕ ಕರೆಂಟು ಹೋತು. ಸಾಬ್ರು ಕೈ ಒರಸಿಕಂಡು ಊಟಕ್ಕ ಎದ್ರು. ತಿಪ್ಪೇರುದ್ರಮ್ಮ ಏನು ಮಾಡಿದ್ಲು ಅಂತೀರಿ, ಹೊಸಾ ನಾರು ತಗದು, ಶಾಫ್ಟಿಗೂ ಆ ಮೂರು ಹಲ್ಲಿಗೂ ಕೂಡಿಸಿ ಸುತ್ತಿ ಬಿಗದು ಗಂಟು ಹಾಕಿದ್ಲು. ಮೊಹರು ಒತ್ತಿದಂಗ. ಯಾರರ ಬಿಚ್ಚಿದ್ರ ಗೊತ್ತಾಗ್ಲಿ ಅಂತ.

ಸಾಬ್ರ ಹೆಂಡ್ತಿ ಸೈದಾ ಬೀ ಹಿಂದಿನ ಮನಿಯಿಂದ ಚಹಾ ತಂದ್ಲು. "ಕುಡೀರಿ ಅಕ್ಕಾ, ಬಿಸಿಲಾಗ ಬಂದೀರಿ."

"ಅಲ್ಲಿಡವ್ವಾ."

"ಆರತೈತಿ."

"ಆರಲಿ. ಕಪ್ಪಿಗೆ ಮುಖ ಹಾಕಿದ್ರ ಮಿಷನ್ ಕಾಣಲ್ಲ."

ಸೈದಾ ಬೀ ನಕ್ಕು, ಆಕಿ ಪಕ್ಕಕ್ಕನ ಕುಂತ್ಲು. "ನಾ ನೋಡಕಂತ ಕುಂದ್ರತೀನಿ, ನೀವು ಕುಡೀರಿ."

"ನೀನು ಅವರ ಕಡ್ಯಾಕಿ ಅಲ್ಲೇನು?"

"ಹದಿನೆಂಟು ವರ್ಷಾತು ಲಗ್ನಾಗಿ. ನನಗೂ ಅವರ ಮ್ಯಾಲ ಅನುಮಾನ ಐತಿ, ತಗಳ್ರಿ."

ಚಹಾ ಅರ್ಧ ಇಳೀತು. ಎರಡು ಗಂಟಿಗೆ ಕರೆಂಟು ಬಂತು. ಸಾಬ್ರು ಬಂದು ಆ ನಾರಿನ ಮೊಹರು ನೋಡಿದ್ರು. "ನೀವ ಬಿಚ್ಚ್ರಿ" ಅಂದ್ರು ಅಷ್ಟ. ಗಂಟು ಹಂಗ ಇತ್ತು. ಆಕಿಗೆ ಸ್ವಲ್ಪ ನಿರಾಸೀನ ಆತು.

ಮೂರರ ಸುಮಾರಿಗೆ ಮಿಷನ್ ನಿಂತಿತು. ಶಾಫ್ಟು ಇನ್ನ ಅದರ ಮ್ಯಾಲನ ಇತ್ತು, ತಗ್ಗೆಲ್ಲ ಹೋಗಿ ಕನ್ನಡಿಯಂಗ ಹೊಳೀತಿತ್ತು. ಸಾಬ್ರು ಚಕ್ಕಿನ ಕಡೆ ತುದೀಗೆ ಕ್ಯಾಲಿಪರ್ ಹಿಡಿದ್ರು. ಅದು ಏಡಿ ಕಾಲಿನಂಥಾ ಅಳತಿ ಸಾಮಾನು. ತಲಿ ಆಡಿಸಿದ್ರು. "ಮುಗೀತ್ರಿ. ಇನ್ನ ಇದಕ್ಕ ತಕ್ಕಂಗ ಹೊಸಾ ಬುಶ್ಶಿಗೆ ತೂತು ಕೊರದ್ರ ಆತು."

ತಿಪ್ಪೇರುದ್ರಮ್ಮ ಎದ್ದು ಬಂದು ನೋಡಿದ್ಲು. ಕುಡಗೋಲಿನ ಗೀರು ಇಲ್ಲ. ಉಡ್ಯಾಗಿನ ನಾರು ತಗದು ಸುತ್ತಿದ್ಲು. ಗಂಟು ದಾಟಿ ಒಂದು ಜ್ವಾಳದ ಕಾಳಿನಷ್ಟು ನಾರು ಉಳೀತು.

"ಇದು ನನ್ನ ಶಾಫ್ಟಲ್ಲ ಸಾಬ್ರ."

"ಏನ್ರಿ?"

"ನನ್ನ ಗುರ್ತಿಲ್ಲ. ಅಳತಿ ಇಲ್ಲ. ಇದು ಸಣ್ಣದು. ನಂದು ಎಲ್ಲೈತಿ ಕೊಡ್ರಿ."

ಮಕ್ತುಂ ಸಾಬ್ರ ಮುಖ ಕೆಂಪಾತು. ಆದ್ರ ಅವರೇನಾದ್ರೂ ಅನ್ನೋಕ ಮುಂಚೆ ಆಕಿಗೆ ಗುಟ್ಟಿನ ಗೀರು ನೆನಪಾತು. ಬಗ್ಗಿ, ಆ ತುದಿ ಸೀಳಿನೊಳಗ ಉಗುರು ಹಾಕಿ ಕೆದರಿದ್ಲು. ಗೀರು ಅಲ್ಲೇ ಇತ್ತು. ಮತ್ತೊಮ್ಮೆ ಕೆದರಿದ್ಲು. ಇತ್ತು.

"ನಂದ ಐತಿ" ಅಂದ್ಲು, ಬ್ಯಾಸರಿಲೆ. "ಹಂಗಾರ ಸಣ್ಣ ಯಾಕಾತು?"

"ಯಮ್ಮಾ, ಹರದ ಸೀರಿ ಅಂಚು ಸರಿ ಮಾಡಬೇಕಂದ್ರ ಹರಕಿನ ಮಟ ಕತ್ತರಿಸಬೇಕಿಲ್ಲೇನು? ತಗ್ಗು ಎಲ್ಲಿಗೆ ಇಳದೈತೋ ಅಲ್ಲೀಮಟ ಸುತ್ತಲೂ ಹೆರದ್ರನ ದುಂಡಗಾಗೋದು. ನಿಮ್ಮ ಗೀರು ಆ ಸುರುಳ್ಯಾಗ ಹೋತು. ನಿಮ್ಮ ಅರಿಬಿ ಮ್ಯಾಲ ಬಿದ್ದೈತಿ, ಹುಡಿಕ್ಕಳ್ರಿ."

ಬ್ಯಾರೆ ಯಾರಾದ್ರೂ ಇಲ್ಲಿಗೆ ಸುಮ್ಮನಾಗೋರು. ಆಕಿ ಕೈ ಸುಮ್ಮನಿರಲಿಲ್ಲ. ಹಳೇ ಗಂಟು ಬಿಚ್ಚಿ, ಚಕ್ಕಿನ ಕಡೀಗೆ ನಾರು ಸುತ್ತಿ ಹೊಸಾ ಗಂಟು ಹಾಕಿದ್ಲು. ಅದನ್ನ ಗೇಣು ದೂರ ಒಯ್ದು ಮೊಳಿ ಕಡೀಗೆ ಸುತ್ತಿದ್ಲು. ತುದಿ ಬಂದು ಗಂಟಿಗೆ ಮುಟ್ಟಲಿಲ್ಲ. ನಡುವ ಸಾಸಿವಿ ಕಾಳು ಹಿಡಿಯೋವಷ್ಟು ಜಾಗ.

"ಸಾಬ್ರ. ಇಲ್ಲಿ ಸಣ್ಣ ಐತಿ, ಅಲ್ಲಿ ದಪ್ಪ ಐತಿ."

"ನಾರು ಹಿಗ್ಗತೈತ್ರಿ ಯಮ್ಮಾ. ಹಸೀ ನಾರು."

"ಹಿಗ್ಗಿದ್ರ ಎರಡೂ ಕಡೀಗೂ ಹಿಗ್ಗಬೇಕು. ಒಂದ ಕಡೀಗೆ ಹಿಗ್ಗಾಕ ಅದೇನು ನಮ್ಮ ಎರ್ರೆಪ್ಪನೇನು?"

ಸಾಬ್ರು ಬ್ಯಾಡಾದ ಮನಸಿಲೆ ಕ್ಯಾಲಿಪರ್ ತಗಂಡು ಮೊಳಿ ಕಡೀಗೆ ಹಿಡಿದ್ರು. ಚಕ್ಕಿನ ಕಡೀಗೆ ಹಿಡಿದ್ರು. ತಿರುಗಿ ಮೊಳಿ ಕಡೀಗೆ. ಕಿವಿ ಮ್ಯಾಲಿನ ಸೀಮೆಸುಣ್ಣ ತಗದು ಮೊಳಿ ಕಡೆ ತುದೀಗೆ ಒಂದು ಗೆರಿ ಎಳದ್ರು. ಸೈದಾ ಬೀ ಬಾಗಲಿಗೆ ಬಂದಾಕಿ ಅಲ್ಲೇ ನಿಂತ್ಲು.

ಆಗಿದ್ದೇನಂದ್ರ, ಹಿಂದಿನ ದಿನ ಚಿಗಟೇರಿ ಬೊಮ್ಮಯ್ಯ ಅನ್ನೋನ ಬಂಡಿ ಅಚ್ಚು ಬಂದಿತ್ತು. ಬಂಡಿ ಅಚ್ಚಿನ ತುದಿ ಗಜ್ಜರಿಯಂಗ ಚೂಪಾಗಬೇಕಲ್ಲ, ಅದಕ್ಕ ಸಾಬ್ರು ಆ ಮೊಳಿ ಕುಂದ್ರೋ ಕಬ್ಬಿಣದ ದಿಮ್ಮಿ, ಗುಡ್ಡಿ ಅಂತಾರ, ಅದನ್ನ ಬೇಕಂತನ ಓರಿ ಸರಿಸಿದ್ರು. ಓರಿ ಇದ್ರ ಟೂಲು ನೆಟ್ಟಗ ಹೋದ್ರೂ ಕಬ್ಬಿಣ ಚೂಪಾಗತೈತಿ. ಕೆಲಸ ಮುಗದ ಮ್ಯಾಲ ಗುಡ್ಡಿ ಹಿಂದಕ್ಕ ತಂದಿದ್ರು, ಬರೇ ಕಣ್ಣಳತಿಲೆ. ಒಂದು ಕೂದಲೆಳಿ ದಾಟಿ ಬಂದಿತ್ತು. ಆ ಕೂದಲೆಳಿ ಈಗ ಇಲ್ಲಿ ಬಂದು ಕುಂತಿತ್ತು.

ಸಾಬ್ರು ಸುಳ್ಳು ಹೇಳಬಹುದಿತ್ತು. ಆಕಿಗೆ ಏನು ತಿಳೀತಿತ್ತು? ಇಷ್ಟು ಇರತೈತಿ ಅಂದಿದ್ರ ಆಗಿತ್ತು. "ತಪ್ಪು ನಂದ ಯಮ್ಮಾ" ಅಂದ್ರು. "ಹಿಂಗ ಬುಶ್ಶು ಹಾಕಿ ಕಳಿಸಿದ್ರ ಒಂದು ಕಡೆ ಬಿಗಿ, ಒಂದು ಕಡೆ ಸಡ್ಲ. ವಾರದಾಗ ಮತ್ತ ಪಂಪು ನಡುಗತಿತ್ತು."

"ಈಗೇನು ಮಾಡ್ತೀರಿ?"

"ದಪ್ಪ ಇದ್ದಲ್ಲಿ ಇನ್ನೊಂದಿಷ್ಟು ತಗೀಬೇಕು, ಸಣ್ಣ ಇದ್ದಷ್ಟು ಆಗೋಮಟ. ಆದ್ರ ತಗದದ್ದು ಮತ್ತ ಹಚ್ಚಾಕ ಬರಲ್ಲ. ಕೈ ಒಂಚೂರು ಜಾಸ್ತಿ ಹೋದ್ರ ಶಾಫ್ಟು ಬಡವಾಗತೈತಿ, ಮುರೀತೈತಿ."

ಮೊಗ್ಗಿ ಕಡ್ಡಿಯಾಗೋದು ಆಕಿ ಕಣ್ಣಿಗೆ ಬಂತು. ಶಾಫ್ಟು ಸುತ್ತಿಕಂಡು ಎದ್ದು ಹೋಗಬೇಕು ಅನಿಸ್ತು. ಎಲ್ಲಿಗೆ? ಎರ್ರೆಪ್ಪನ ಭಾವಮೈದನ ಹತ್ರ? ತಪ್ಪು ಒಪ್ಕಂಡ ಇವರನ್ನ ಬಿಟ್ಟು?

"ತಗೀರಿ" ಅಂದ್ಲು. "ಆದ್ರ ಒಂದೊಂದು ಸಲ ತಗದಾಗೂ ನಿಂದ್ರಿಸಬೇಕು. ನಾ ನಾರು ಹಾಕಿ ನೋಡತೀನಿ."

ಸಾಬ್ರು ಮದ್ಲು ಗುಡ್ಡಿ ಸರಿ ಮಾಡಿದ್ರು, ಈ ಸಲ ಕಣ್ಣಿಲೆ ಅಲ್ಲ, ಅಳತಿ ಇಟ್ಟು. ಮಿಷನ್ ತಿರುಗಿತು. ಈ ಸುತ್ತಿಗೆ ಸುರುಳಿ ಬರಲಿಲ್ಲ, ಹಿಟ್ಟಿನಂಗ ಸಣ್ಣ ಪುಡಿ. ನಿಂದ್ರಿಸಿದ್ರು. ನಾರು ಸುತ್ತಿದ್ಲು. ಸಾಸಿವಿ ಹೋಗಿ ರಾಗಿ ಕಾಳು ಆತು. ಮತ್ತ ತಿರುಗಿತು. ರಾಗಿ ಅರ್ಧ ಆತು. ಐದನೇ ಸಲಕ್ಕ ತುದಿ ಬಂದು ಗಂಟಿಗೆ ಮುಟ್ಟಿ ನಿಂತಿತು. ಗೇಣುದ್ದ ನಾಕು ಕಡೆ ಸುತ್ತಿ ನೋಡಿದ್ಲು, ನಾಕು ಕಡೀಗೂ ಅದ. ಸಾಬ್ರು ಕ್ಯಾಲಿಪರ್ ಹಿಡಿದು ನೋಡಿ, ಒಂದು ಉಸಿರು ಬಿಟ್ರು. "ತಡಿತೈತ್ರಿ. ಮುರಿಯೋವಷ್ಟು ಬಡವಾಗಿಲ್ಲ."

ಆಮ್ಯಾಲ ಬುಶ್ಶು. ಕಂಚಿನ ತುಂಡು ಚಕ್ಕಿಗೆ ಕಚ್ಚಿಸಿ, ಉದ್ದನ ಟೂಲನ್ನ ತೂತಿನ ಒಳಗ ಬಿಟ್ಟು ಒಳಗಿಂದೊಳಗ ಹೆರದ್ರು. ಹೊರಗೂ ಹೆರೀತೈತಿ, ಒಳಗೂ ಹೆರೀತೈತಿ ಅಂತ ಆಕಿಗೆ ಆವಾಗ ತಿಳೀತು. ಕಂಚಿನ ಪುಡಿ ಬಂಗಾರದಂಗ ಉದುರಿದಾಗ ಆಕಿ ಕಣ್ಣು ಮತ್ತ ಸಣ್ಣ ಆದವು, ಆದ್ರ ಅರಿಬಿ ಹಾಸೇ ಇತ್ತಲ್ಲ. ಕಡೀಗೆ ಶಾಫ್ಟಿಗೆ ಎಣ್ಣಿ ಸವರಿ ಬುಶ್ಶು ಕೊಟ್ರು. "ನೀವ ಹಾಕ್ರಿ." ಹಾಕಿದ್ಲು. ಕೈ ನೂಕಿದ್ರ ಮೆಲ್ಲಕ ಜಾರಿತು. ಅಲುಗಾಡಿಸಿದ್ರ ಅಲುಗಲಿಲ್ಲ.

ಸಂಜಿ ಬಸ್ಸಿಗೆ ಹೋದ್ಲು. ಮರುದಿನ ಪಂಪು ಕೂಡಿಸಿದ್ರು. ನಡುಕ ಇಲ್ಲ. ಕಾಲುವ್ಯಾಗ ನೀರು ಮಲ್ಲಿಗಿ ಬುಡಕ್ಕ ಹೋದ್ರೂ ಆಕಿ ನಂಬಲಿಲ್ಲ, ವಾರ ಆಗ್ಲಿ ಅಂದ್ಲು. ವಾರ ಆತು, ಪಂಪು ನಡುಗಲಿಲ್ಲ, ಮೊಗ್ಗಿ ಬಿರೀತು. ಒಂದು ಬುಟ್ಟಿ ಹೂವು ಸೈದಾ ಬೀಗೆ ಮುಟ್ಟಿಸಬೇಕಂತ ಆತು. ಕಂಡಕ್ಟರ್ ಕೈಯಾಗ ಕಳಿಸ್ತಿದ್ಲೇನು? ತಾನ ಬಸ್ ಹತ್ತಿದ್ಲು.

ಹೋದಾಗ ಶೆಡ್ಡಿನ್ಯಾಗ ಯಾರದೋ ಪುಲ್ಲಿ ಶಾಫ್ಟು ಮಿಷನ್ ಮ್ಯಾಲ ಇತ್ತು. ಸಾಬ್ರು ಮಿಷನ್ ನಿಂದ್ರಿಸಿ, ಡಬ್ಬಿ ಬೋರಲು ಹಾಕಿದ್ರು. ಆಕಿ ಕುಂತು ಉಡ್ಯಾಗಿಂದ ನಾರು ತಗದ್ಲು.

ಅವತ್ತಿಂದ ಹತ್ತು ವರ್ಷ ಆಗಾಕ ಬಂತು. ಮಿಷನ್ನಿನ ಮ್ಯಾಲಿನ ತೊಲಿಗೆ ಮೊಳಿ ಹೊಡದು ಒಂದು ಕಟ್ಟು ಬಾಳೆನಾರು ತೂಗು ಹಾಕ್ಯಾರ ಸಾಬ್ರು. ಆಕಿ ಬರದ ದಿನ ಅವರೇ ಸುತ್ತಿ ನೋಡತಾರ, ಎರಡೂ ಕಡೀಗೆ. ಆಕಿ ಬಂದ ದಿನ ಅವರು ನೋಡಿದ್ದನ್ನ ಆಕಿ ಇನ್ನೊಮ್ಮೆ ನೋಡತಾಳ. ನನ್ನ ಮಾತು ನೀವು ನಂಬಬ್ಯಾಡ್ರಿ, ಆಕಿಗೂ ನಂಬೋರು ಸೇರಲ್ಲ. ಸೋಮವಾರ ಹೂವು ಮಾರಿದ ಮ್ಯಾಲ ಹನ್ನೊಂದರ ಬಸ್ಸಿಗೆ ಬೊಮ್ಮನಹಳ್ಳಿಗೆ ಇಳೀತಾಳ. ಬಸ್‌ಸ್ಟ್ಯಾಂಡ್ ಹಿಂದ ತಗಡಿನ ಶೆಡ್ಡು, ಬಾಗಲದಾಗ ಎಣ್ಣಿ ಡಬ್ಬಿ. ಸೆರಗು, ಪಂಚಿ ಏನಿದ್ರೂ ಬಿಗಿ ಸಿಗಿಸಿಕಂಡು ಹೋಗ್ರಿ. ಯಾರು, ಯಾಕ ಬಂದ್ರಿ, ಯಾರು ಕಳಿಸಿದ್ರು ಅಂತ ಮೂರು ಸಲ ಕೇಳತಾಳ, ಮೂರು ಸಲಾನೂ ಒಂದ ಉತ್ತರ ಹೇಳ್ರಿ. ಹೋಗಿ ಒಮ್ಮೆ ಭೇಟಿ ಆಗಿ ಬರ್ರಿ ಆಕಿನ್ನ.